ಸದ್ದಿಲ್ಲದ ಬಂಡಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಬೊಮ್ಮಸಂದ್ರವೆಂಬ ಊರಿದೆ. ಹಳ್ಳಿಯಾಗಿದ್ದ ಈ ಊರು ಕ್ರಮೇಣ ಕೈಗಾರಿಕೆಗಳ ನೆಲೆಯಾಯಿತು. ಇಲ್ಲಿಯ ಕಾರ್ಖಾನೆಯೊಂದರಿಂದ 2001ರಲ್ಲಿ ಒಂದು ಪುಟ್ಟ ಕಾರು ಹೊರಬಂದಿತು. ಅದರ ಉದ್ದ ಸುಮಾರು 2.6 ಮೀಟರು, ಬಾಗಿಲುಗಳು ಎರಡೇ, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕುಳಿತುಕೊಳ್ಳುವಷ್ಟು ಸ್ಥಳ. ಅದಕ್ಕೆ ಪೆಟ್ರೋಲಿನ ತೊಟ್ಟಿಯಿರಲಿಲ್ಲ, ಹೊಗೆ ಉಗುಳುವ ಕೊಳವೆಯಿರಲಿಲ್ಲ, ಕ್ಲಚ್ಚನ್ನು ತುಳಿದು ಗೇರು ಬದಲಿಸುವ ಗೋಜೂ ಇರಲಿಲ್ಲ. ಬೀದಿಯಲ್ಲಿ ಅದು ಬಳಿಗೆ ಬಂದುದು ಪಕ್ಕದಲ್ಲಿ ನಡೆಯುವವನಿಗೆ ತಿಳಿಯುತ್ತಿರಲಿಲ್ಲ. ಅಷ್ಟು ನಿಶ್ಶಬ್ದವಾಗಿತ್ತು ಅದರ ನಡೆ. ಅದೇ 'ರೇವಾ' ಎಂಬ ವಿದ್ಯುತ್ ಕಾರು.

ಬೆಂಗಳೂರಿನ ಮೈನಿ ಉದ್ಯಮ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಯೂ ಕೂಡಿ 1994ರಲ್ಲಿ ಈ ಕಾರಿನ ಕಂಪನಿಯನ್ನು ಸ್ಥಾಪಿಸಿದ್ದವು. ಅದರ ಹಿಂದಿನ ಪ್ರೇರಕಶಕ್ತಿಯಾದ ಚೇತನ್ ಮೈನಿಯವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1990ರಲ್ಲಿ, ಸೂರ್ಯನ ಬೆಳಕಿನಿಂದಲೇ ಓಡುವ ಕಾರೊಂದನ್ನು ನಿರ್ಮಿಸಿದ ವಿದ್ಯಾರ್ಥಿಗಳ ತಂಡದಲ್ಲಿದ್ದರು. ಆಸ್ಟ್ರೇಲಿಯಾ ಖಂಡವನ್ನು ಅಡ್ಡ ಹಾಯುವ ಸ್ಪರ್ಧೆಯಲ್ಲಿ ಆ ತಂಡ ಮೂರನೆಯ ಸ್ಥಾನ ಗಳಿಸಿತ್ತು. ಅಂದು ಮೂಡಿದ ಆಸೆಯ ಫಲವೇ ಹನ್ನೊಂದು ವರ್ಷಗಳ ತರುವಾಯ ಬೊಮ್ಮಸಂದ್ರದಲ್ಲಿ ರೂಪು ತಳೆಯಿತೆನ್ನಬಹುದು.

ಆದರೆ ಊರಿನ ಜನ ಅದನ್ನು ಮೆಚ್ಚಿ ಕೊಂಡರೇ? ಕೊಂಡವರು ಕೆಲವರೇ. ಅದೇ ಹಣಕ್ಕೆ ನಾಲ್ವರು ಆರಾಮವಾಗಿ ಕುಳಿತು ಮೈಸೂರಿಗೆ ಹೋಗಿ ಬರಬಹುದಾದ ಪೆಟ್ರೋಲು ಕಾರು ದೊರೆಯುತ್ತಿರುವಾಗ, ಒಮ್ಮೆ ವಿದ್ಯುತ್ತು ತುಂಬಿದರೆ ಎಂಬತ್ತು ಕಿಲೋಮೀಟರು ಮಾತ್ರ ಓಡುವ ಈ ಪುಟ್ಟ ಬಂಡಿ ಏತಕ್ಕೆ ಎಂದವರೇ ಹೆಚ್ಚು. ಕೊಂಡವರಾದರೋ ಅದನ್ನು ಮನೆಯ ಮಗುವಿನಂತೆ ನೋಡಿಕೊಂಡರು. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗುವುದು, ಬೆಳಿಗ್ಗೆ ಕಚೇರಿಗೆ ಹೋಗುವುದು, ಸಂಜೆ ತರಕಾರಿ ತರುವುದು. ಇಷ್ಟಕ್ಕೆ ಎಂಬತ್ತು ಕಿಲೋಮೀಟರು ಬೇಕಾದಷ್ಟಾಯಿತೆಂಬುದು ಅವರ ವಾದ. ಒಂದೇ ಕಾರಿನ ವಿಷಯದಲ್ಲಿ ಹುಟ್ಟಿದ ಈ ಎರಡು ಅಭಿಪ್ರಾಯಗಳು ಇಂದಿಗೂ ವಿದ್ಯುತ್ ಕಾರಿನ ಬೆನ್ನು ಬಿಟ್ಟಿಲ್ಲ.

ವಿದ್ಯುತ್ ಕಾರು ಇತ್ತೀಚಿನ ಸೃಷ್ಟಿಯೆಂದು ಅನೇಕರು ತಿಳಿದಿದ್ದಾರೆ. ಇದು ನಿಜವಲ್ಲ. ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿಯೇ ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಕಂಡುಹಿಡಿದಿದ್ದನು. 1899ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬಾತ ಪ್ಯಾರಿಸ್ಸಿನ ಬಳಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಕಾರನ್ನೋಡಿಸಿ ಜಗತ್ತನ್ನು ಬೆರಗುಗೊಳಿಸಿದನು. ಆ ಮೇರೆಯನ್ನು ಮೊದಲು ದಾಟಿದ ಆ ರಸ್ತೆವಾಹನ ಓಡಿದ್ದು ವಿದ್ಯುತ್ತಿನಿಂದಲೇ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ ಕಾರುಗಳಾಗಿದ್ದವು. ಪೆಟ್ರೋಲಿನವು ಅವಕ್ಕಿಂತ ಕಡಮೆ. ಮಿಕ್ಕವು ಉಗಿಯ ಬಂಡಿಗಳು.

ಹಾಗಾದರೆ ಮುಂದಿದ್ದುದು ಹಿಂದೆ ಬಿದ್ದುದೇಕೆ? ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಅಗ್ಗದ ಪೆಟ್ರೋಲು ಕಾರು ಒಂದು ಕಾರಣ. 1912ರ ವೇಳೆಗೆ ಪೆಟ್ರೋಲು ಕಾರು ಸುಮಾರು 650 ಡಾಲರಿಗೆ ದೊರೆಯುತ್ತಿದ್ದರೆ ವಿದ್ಯುತ್ ಕಾರಿಗೆ 1,750 ಡಾಲರು ತೆರಬೇಕಾಗಿತ್ತು. ಅದೇ ವರ್ಷ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಪೆಟ್ರೋಲು ಕಾರಿಗೆ ಬಂದು ಸೇರಿತು. ಅದಕ್ಕೆ ಮುಂಚೆ ಎಂಜಿನ್ನನ್ನು ಕಬ್ಬಿಣದ ಹಿಡಿಯಿಂದ ತಿರುಗಿಸಿ ಎಬ್ಬಿಸಬೇಕಾಗಿತ್ತು. ಹಿಡಿ ಹಿಮ್ಮೆಟ್ಟಿ ಕೈಮೂಳೆ ಮುರಿದುಕೊಂಡವರೂ ಉಂಟು. ಆ ಕಷ್ಟ ನೀಗಿದೊಡನೆ ವಿದ್ಯುತ್ ಕಾರಿನ ದೊಡ್ಡ ಆಕರ್ಷಣೆಯೇ ಹೋಯಿತು. ವಿದ್ಯುತ್ ಕಾರಿಗೆ ಮುಳುವಾದುದು ಒಂದು ಪುಟ್ಟ ವಿದ್ಯುತ್ ಮೋಟಾರೇ ಎಂಬುದು ವಿಚಿತ್ರವಲ್ಲವೆ? ಅಷ್ಟಾದರೂ ಫೋರ್ಡನ ಪತ್ನಿ ಕ್ಲಾರಾ ತಮ್ಮ ಓಡಾಟಕ್ಕೆ ಇಟ್ಟುಕೊಂಡಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನೇ.

ರೇವಾದ ಕಥೆಗೆ ಮರಳಿದರೆ, ಬೆಂಗಳೂರಿನಲ್ಲಿ ಸಿಗದ ಆದರ ಅದಕ್ಕೆ ಲಂಡನ್ನಿನಲ್ಲಿ ದೊರೆಯಿತು. ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳ ದಟ್ಟಣೆಯನ್ನು ತಗ್ಗಿಸಲೆಂದು 2003ರ ಫೆಬ್ರವರಿಯಲ್ಲಿ ದಿನಕ್ಕೆ ಐದು ಪೌಂಡುಗಳ ಸುಂಕ ವಿಧಿಸಲಾಯಿತು. ವಿದ್ಯುತ್ ವಾಹನಗಳಿಗೆ ಆಗ ಈ ಸುಂಕದಿಂದ ವಿನಾಯಿತಿಯಿತ್ತು. ಮರುವರ್ಷವೇ ಬೊಮ್ಮಸಂದ್ರದ ಕಾರು 'ಜೀ-ವಿಜ್' ಎಂಬ ಹೆಸರು ಧರಿಸಿ ಅಲ್ಲಿಗೆ ತಲಪಿತು. ಕೊಂಡವರು ಲೆಕ್ಕ ಹಾಕಿದರು: ಸುಂಕವಿಲ್ಲ, ಪೆಟ್ರೋಲಿಲ್ಲ, ಎಷ್ಟೋ ಕಡೆ ಕಾರು ನಿಲ್ಲಿಸಲು ಬಾಡಿಗೆಯೂ ಇಲ್ಲ. ಹೀಗೆ ಸುಮಾರು ಒಂದು ಸಾವಿರ ಕಾರುಗಳು ಆ ನಗರದ ಬೀದಿಗಳಲ್ಲಿ ಓಡಾಡಿದವು. ಕಾರು ಅದೇ, ಬ್ಯಾಟರಿ ಅದೇ, ಓಡುವ ದೂರವೂ ಅದೇ. ಬೇರೆಯಾಗಿದ್ದುದು ಸರ್ಕಾರದ ನಿಯಮ ಮಾತ್ರ. ಕೊಳ್ಳುವವನ ಅಭಿಪ್ರಾಯವನ್ನು ತಿದ್ದುವುದು ಯಂತ್ರದ ಗುಣಕ್ಕಿಂತ ಹೆಚ್ಚಾಗಿ ಅವನ ತಿಂಗಳ ಲೆಕ್ಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗೆಂದು ಆ ಕಾರಿನ ಕುಂದುಗಳನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ನಿನ ಕಾನೂನು ಅದನ್ನು ಪೂರ್ಣಪ್ರಮಾಣದ ಕಾರೆಂದು ಎಣಿಸದೆ ಹಗುರವಾದ ನಾಲ್ಕುಗಾಲಿಯ ವಾಹನಗಳ ವರ್ಗಕ್ಕೆ ಸೇರಿಸಿತ್ತು. 2007ರಲ್ಲಿ ಅಲ್ಲಿಯ ಪತ್ರಿಕೆಯೊಂದು ನಡೆಸಿದ ಡಿಕ್ಕಿಯ ಪರೀಕ್ಷೆಯಲ್ಲಿ ಅದರ ಮುಂಭಾಗ ನಜ್ಜುಗುಜ್ಜಾಯಿತು. ಸುರಕ್ಷತೆಯ ವಿಷಯದಲ್ಲಿ ಕಟುವಾದ ಟೀಕೆ ಎದ್ದಿತು. ಸಂಸ್ಥೆಯ ಹೆಚ್ಚಿನ ಪಾಲು 2010ರಲ್ಲಿ ಮಹೀಂದ್ರಾ ಕಂಪನಿಯ ಕೈಸೇರಿತು. 2013ರಲ್ಲಿ 'ಇ-2-ಒ' ಎಂಬ ಹೊಸ ಕಾರು ಬಂದಿತು. ಕೆಲವು ವರ್ಷಗಳಲ್ಲಿ ಅದರ ತಯಾರಿಕೆಯೂ ನಿಂತಿತು.

ವಿದ್ಯುತ್ ಕಾರನ್ನು ಕೊಳ್ಳುವ, ತುಂಬುವ, ಮಾರುವ ಮೂರು ಮಾತುಗಳೂ ಕೊನೆಗೆ ಬಂದು ನಿಲ್ಲುವುದು ಬ್ಯಾಟರಿಯ ಮುಂದೆ. ರೇವಾ ಕಾರಿನಲ್ಲಿದ್ದುದು ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಕಾರಿನ ಒಟ್ಟು ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಅವುಗಳದೇ. ಅಂದರೆ ಕಾರು ಜನರನ್ನು ಹೊರುವುದಕ್ಕಿಂತ ಹೆಚ್ಚಾಗಿ ತನ್ನ ಬುತ್ತಿಯನ್ನೇ ಹೊರುತ್ತಿತ್ತು! ಬ್ಯಾಟರಿಗೆ ಕಾಲಕಾಲಕ್ಕೆ ಶುದ್ಧೀಕರಿಸಿದ ನೀರೆರೆಯಬೇಕಾಗಿತ್ತು. ಕೆಲವೇ ವರ್ಷಗಳಿಗೊಮ್ಮೆ ಎಂಟನ್ನೂ ಬದಲಿಸಬೇಕಾಗಿತ್ತು. ಈ ತೊಡಕನ್ನು ಬಿಡಿಸಿದುದು ಲಿಥಿಯಂ ಎಂಬ ಲೋಹ. ಲೋಹಗಳಲ್ಲೆಲ್ಲ ಹಗುರವಾದ ಇದನ್ನು ಬಳಸಿದ ಬ್ಯಾಟರಿಗಳು 1991ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಮೊದಮೊದಲು ಕ್ಯಾಮರಾ, ದೂರವಾಣಿಗಳಂಥ ಕೈಸಾಧನಗಳಲ್ಲಿದ್ದ ಅವು ಆಮೇಲೆ ಕಾರನ್ನೇರಿದವು. ಇವುಗಳಿಗೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ ವಯಸ್ಸು. ನಮ್ಮ ನಾಡಿನ ಮಂಡ್ಯ ಜಿಲ್ಲೆಯ ಮರ್ಲಗಾಲ ಸೀಮೆಯಲ್ಲಿಯೂ ಲಿಥಿಯಂ ಇರುವುದನ್ನು ಪರಮಾಣು ಇಂಧನ ಇಲಾಖೆಯ ಭೂವಿಜ್ಞಾನಿಗಳು ಪತ್ತೆ ಹಚ್ಚಿದ್ದಾರೆ. ಪ್ರಮಾಣ ಸುಮಾರು 1,600 ಟನ್ನುಗಳು. ಜಗತ್ತಿನ ಬೇಡಿಕೆಯ ಮುಂದೆ ಇದು ಅತ್ಯಲ್ಪವೇ ಸರಿ.

ಈಗ ಕೊಳ್ಳುವವನ ಲೆಕ್ಕವನ್ನು ನೋಡಬಹುದು. ವಿದ್ಯುತ್ತನ್ನು ಅಳೆಯುವ ಮಾನ ಯೂನಿಟ್ಟು. ಸಾಧಾರಣ ಗಾತ್ರದ ವಿದ್ಯುತ್ ಕಾರೊಂದು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಓಡುತ್ತದೆ. ಗೃಹಸ್ಥನೊಬ್ಬ ತಿಂಗಳಿಗೆ ಸಾವಿರ ಕಿಲೋಮೀಟರು ಓಡಾಡುವನೆಂದು ಇಟ್ಟುಕೊಂಡರೆ, ತುಂಬುವಾಗ ಸೋರಿ ಹೋಗುವುದೂ ಸೇರಿ ಅವನಿಗೆ ಸುಮಾರು 170 ಯೂನಿಟ್ಟು ಬೇಕಾದೀತು. ಯೂನಿಟ್ಟಿಗೆ ಎಂಟು ರೂಪಾಯಿಯಂತೆ 1,360 ರೂಪಾಯಿಗಳಾದವು. ಅದೇ ದೂರಕ್ಕೆ ಲೀಟರಿಗೆ ಹದಿನಾರು ಕಿಲೋಮೀಟರು ಓಡುವ ಪೆಟ್ರೋಲು ಕಾರಿಗೆ ಅರವತ್ತೆರಡೂವರೆ ಲೀಟರು ಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ 6,250 ರೂಪಾಯಿ. ತಿಂಗಳಿಗೆ ಉಳಿದುದು 4,890. ಈ ಉಳಿತಾಯವನ್ನು ತೋರಿಸಿ, ವಿದ್ಯುತ್ ಕಾರು ಕೊಳ್ಳದವನು ದಡ್ಡನೆಂದು ಹೇಳುವವರಿದ್ದಾರೆ. ಅವರು ಮರೆಯುವ ಮಾತೊಂದಿದೆ. ಒಂದೇ ತೆರನಾದ ಎರಡು ಕಾರುಗಳಲ್ಲಿ ವಿದ್ಯುತ್ತಿನದಕ್ಕೆ ಸಾಮಾನ್ಯವಾಗಿ ಹೆಚ್ಚು ಬೆಲೆ. ಆ ಹೆಚ್ಚಳ ಮೂರು ಲಕ್ಷ ರೂಪಾಯಿಗಳಾದರೆ ಅದು ತೀರಲು ಐದು ವರ್ಷಗಳೇ ಬೇಕು. ತಿಂಗಳಿಗೆ ಮುನ್ನೂರು ಕಿಲೋಮೀಟರು ಮಾತ್ರ ಓಡಾಡುವವನಿಗಾದರೆ ಹದಿನೇಳು ವರ್ಷ. ಆದಕಾರಣ ಹೆಚ್ಚು ಓಡಾಡುವವನಿಗೆ ಲಾಭ, ಕಡಮೆ ಓಡಾಡುವವನಿಗೆ ನಷ್ಟ ಎಂಬ ವಿಚಿತ್ರ ಸ್ಥಿತಿ ಒದಗುತ್ತದೆ. ಸರ್ಕಾರಗಳು ಈ ಅಂತರವನ್ನು ತಗ್ಗಿಸಲು ಯತ್ನಿಸಿವೆ. ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿ ದೇಶಕ್ಕೆ ಮೊದಲಿಗನಾದುದು ಕರ್ನಾಟಕ. 2019ರ ಆಗಸ್ಟಿನಿಂದ ಈ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿಯಿತು.

ತುಂಬುವ ಮಾತು ಬಂದಾಗ ಚರ್ಚೆ ಇನ್ನೂ ಬಿಸಿಯೇರುತ್ತದೆ. ಮೂವತ್ತು ಯೂನಿಟ್ಟು ಹಿಡಿಯುವ ಬ್ಯಾಟರಿಯನ್ನು ಮನೆಯ ದಪ್ಪ ಪ್ಲಗ್ಗಿನಿಂದ ತುಂಬಲು ಹತ್ತು ಗಂಟೆ ಹಿಡಿಯುತ್ತದೆ. ಹತ್ತು ಗಂಟೆಯೆಂದರೆ ದೀರ್ಘಕಾಲವೆನಿಸಬಹುದು. ಆದರೆ ಮನೆಯವರೆಲ್ಲ ನಿದ್ರಿಸುವ ಹೊತ್ತಿನಲ್ಲಿ ಅದು ಸಾಗಿದರೆ ಯಾರಿಗೆ ತೊಂದರೆ? ಬೀದಿಯಲ್ಲಿರುವ ಶೀಘ್ರ ಕೇಂದ್ರಗಳಲ್ಲಿ ಒಂದು ಗಂಟೆಯೊಳಗೇ ಶೇಕಡ ಎಂಬತ್ತರಷ್ಟು ತುಂಬಬಹುದು. ಉಳಿದ ಇಪ್ಪತ್ತಕ್ಕೆ ಮಾತ್ರ ಬಹಳ ಹೊತ್ತು ಬೇಕು. ಇದರ ಕಾರಣವನ್ನು ಬಸ್ಸಿನ ದೃಷ್ಟಾಂತದಿಂದ ತಿಳಿಯಬಹುದು. ಖಾಲಿ ಬಸ್ಸಿಗೆ ಮೊದಲು ಹತ್ತಿದವರು ಕಂಡ ಕಂಡಲ್ಲಿ ಕುಳಿತುಬಿಡುತ್ತಾರೆ. ಬಸ್ಸು ತುಂಬುತ್ತ ಬಂದಂತೆ ಹೊಸಬರು ಜಾಗ ಹುಡುಕುತ್ತ ಮೆಲ್ಲಮೆಲ್ಲನೆ ಸರಿಯಬೇಕಾಗುತ್ತದೆ. ನೂಕಿದರೆ ಗಲಾಟೆ. ಬ್ಯಾಟರಿಯೊಳಗಿನ ಲಿಥಿಯಂ ಕಣಗಳ ಪಾಡೂ ಇದೇ. ಅಲ್ಲಿ ಅವಸರದಿಂದ ನೂಕಿದರೆ ಬ್ಯಾಟರಿ ಬಿಸಿಯೇರಿ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದಲೇ ಅನುಭವಸ್ಥರು ದಿನನಿತ್ಯ ಮನೆಯಲ್ಲಿ ನಿಧಾನವಾಗಿ ತುಂಬಿ, ದೂರಪ್ರಯಾಣದಲ್ಲಿ ಮಾತ್ರ ಶೀಘ್ರ ಕೇಂದ್ರವನ್ನು ಬಳಸುತ್ತಾರೆ.

ವಿದ್ಯುತ್ ಕಾರು ಓಡುವಾಗಲೂ ತುಸು ವಿದ್ಯುತ್ತನ್ನು ಮರಳಿ ಪಡೆಯುತ್ತದೆ. ಚಾಲಕನು ವೇಗವನ್ನು ತಗ್ಗಿಸಿದಾಗ ಮೋಟಾರು ಡೈನಮೋದಂತೆ ವರ್ತಿಸಿ, ಗಾಲಿಗಳ ಚಲನೆಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಕಳುಹಿಸುತ್ತದೆ. ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನು ಏರುವಾಗ ಕಾರು ವಿದ್ಯುತ್ತನ್ನು ಗಟಗಟನೆ ಕುಡಿಯುತ್ತದೆ. ಇಳಿದು ಬರುವಾಗ ಕುಡಿದುದರಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಪೆಟ್ರೋಲು ಕಾರಿನಲ್ಲಿ ಇದು ಕನಸಿನ ಮಾತು. ಘಾಟಿಯನ್ನು ಇಳಿದಾಗ ಅದರ ಬ್ರೇಕು ಕಾಯುತ್ತದೆಯೇ ಹೊರತು ತೊಟ್ಟಿಗೆ ಒಂದು ತೊಟ್ಟು ಪೆಟ್ರೋಲೂ ಬಂದು ಸೇರುವುದಿಲ್ಲ.

ತುಂಬುವ ವಿಷಯದಲ್ಲಿ ನಿಜವಾದ ಅನ್ಯಾಯವೊಂದಿದೆ. ಸ್ವಂತ ಮನೆ, ಕಾರು ನಿಲ್ಲಿಸಲು ಸ್ವಂತ ಅಂಗಳ, ಅಂಗಳದಲ್ಲೊಂದು ಪ್ಲಗ್ಗು ಉಳ್ಳವನಿಗೆ ವಿದ್ಯುತ್ ಕಾರು ಸುಖವೇ ಸುಖ. ಮಲ್ಲೇಶ್ವರದ ಹಳೆಯ ಗಲ್ಲಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದು, ಕಾರನ್ನು ಬೀದಿಯ ಮರದ ಕೆಳಗೆ ನಿಲ್ಲಿಸುವವನ ಗತಿಯೇನು? ಕಿಟಕಿಯಿಂದ ತಂತಿ ಇಳಿಬಿಡುವುದು ಅಪಾಯಕರ. ಮನೆಯ ಒಡೆಯ ಒಪ್ಪುವುದೂ ಇಲ್ಲ. ಅವನು ಬೀದಿಯ ಕೇಂದ್ರವನ್ನೇ ನಂಬಬೇಕು. ಅಲ್ಲಿ ಯೂನಿಟ್ಟಿನ ಬೆಲೆ ಮನೆಯದಕ್ಕಿಂತ ಹೆಚ್ಚು, ಮುಂದೆ ಇನ್ನೊಂದು ಕಾರು ನಿಂತಿದ್ದರೆ ಕಾಯುವುದು ಬೇರೆ. ಹೀಗೆ ಉಳ್ಳವನಿಗೆ ಅಗ್ಗ, ಇಲ್ಲದವನಿಗೆ ತುಟ್ಟಿ. ವಸತಿ ಸಮುಚ್ಚಯಗಳಲ್ಲಿ ಎದ್ದಿರುವ ಜಗಳಗಳೂ ಇದೇ ಬಗೆಯವು: ಸಾಮಾನ್ಯ ಮೀಟರಿನಿಂದ ತುಂಬಿದ ವಿದ್ಯುತ್ತಿಗೆ ಹಣ ಕೊಡುವವರಾರು ಎಂಬುದು. ಈ ವಿಚಾರದಲ್ಲಿ ಹೇಳಬಹುದಾದ ಮಾತು ಇಷ್ಟೇ: ಪ್ಲಗ್ಗಿನ ಸ್ಥಳವನ್ನು ನಿಶ್ಚಯಿಸಿಕೊಂಡ ಮೇಲೆ ಕಾರನ್ನು ಕೊಳ್ಳುವುದು ಲೇಸು, ಕಾರನ್ನು ಕೊಂಡು ಪ್ಲಗ್ಗನ್ನು ಹುಡುಕುವುದು ಎತ್ತನ್ನು ತಂದ ಮೇಲೆ ಕೊಟ್ಟಿಗೆ ಕಟ್ಟಲು ಜಾಗ ಅರಸಿದಂತೆ.

ಪ್ಲಗ್ಗಿನಾಚೆಯ ವಿದ್ಯುತ್ತು ಎಲ್ಲಿಂದ ಬರುತ್ತದೆಂಬ ಪ್ರಶ್ನೆಯೂ ಇದೆ. ಕರ್ನಾಟಕದಲ್ಲಿ ಅದು ಶರಾವತಿಯ ನೀರಿನಿಂದ ಬರಬಹುದು, ಪಾವಗಡದ ಬಿಸಿಲಿನಿಂದ ಬರಬಹುದು, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನಿಂದಲೂ ಬರಬಹುದು. ಹೊಗೆ ಊರಿನಿಂದ ಊರಿಗೆ ವರ್ಗವಾಯಿತೇ ಹೊರತು ಹೋಗಲಿಲ್ಲವೆಂಬ ಆಕ್ಷೇಪಣೆ ಇದರಿಂದ ಹುಟ್ಟಿದೆ. ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು, ಪೂರ್ಣಸತ್ಯವಿಲ್ಲ. ಪೆಟ್ರೋಲು ಎಂಜಿನ್ನು ತಾನು ಉರಿಸಿದ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬರಿಯ ಶಾಖವಾಗಿ ಚೆಲ್ಲುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹಾಗೆ ಪೋಲಾಗುವುದು ಅಲ್ಪ. ಮೇಲಾಗಿ ಶಾಲೆಯ ಮುಂದಿನ ರಸ್ತೆಯಲ್ಲಿ ನಿಂತ ಮಗುವಿನ ಮೂಗಿಗೆ ಹೊಗೆ ನೇರವಾಗಿ ನುಗ್ಗುವುದು ತಪ್ಪುತ್ತದೆ.

ಇನ್ನು ಮಾರುವ ಮಾತು. ಪೆಟ್ರೋಲು ಕಾರನ್ನು ಮಾರುವವನ ಬಳಿ ಬಂದ ಗಿರಾಕಿ, ಎಷ್ಟು ಕಿಲೋಮೀಟರು ಓಡಿದೆ, ಎಂಜಿನ್ನಿನ ಸದ್ದು ಹೇಗಿದೆ ಎಂದು ಕೇಳುತ್ತಾನೆ. ವಿದ್ಯುತ್ ಕಾರಿನಲ್ಲಿ ಆಲಿಸಲು ಸದ್ದೇ ಇಲ್ಲ. ಬ್ಯಾಟರಿಯ ಒಳಗುಟ್ಟು ಹೊರಗಣ್ಣಿಗೆ ಕಾಣುವುದೂ ಇಲ್ಲ. ಅಮೆರಿಕದ ಅರಿಜೋನಾ ಎಂಬ ಬಿಸಿಲ ಸೀಮೆಯಲ್ಲಿ ನಡೆದ ಪ್ರಸಂಗ ಇದಕ್ಕೆ ನಿದರ್ಶನ. ಜಪಾನಿನ ನಿಸಾನ್ ಕಂಪನಿ 2010ರ ಡಿಸೆಂಬರಿನಲ್ಲಿ 'ಲೀಫ್' ಎಂಬ ವಿದ್ಯುತ್ ಕಾರನ್ನು ಹೊರತಂದಿತು. ಅದರ ಬ್ಯಾಟರಿಯನ್ನು ತಂಪಾಗಿಡಲು ದ್ರವದ ಏರ್ಪಾಡಿರಲಿಲ್ಲ. ತಂಪು ನಾಡುಗಳಲ್ಲಿ ಅದು ಚೆನ್ನಾಗಿಯೇ ಬಾಳಿತು. ಅರಿಜೋನಾದಲ್ಲಿ ಮಾತ್ರ ಎರಡೇ ಬೇಸಿಗೆ ಕಳೆಯುವಷ್ಟರಲ್ಲಿ ಓಡುವ ದೂರ ಕುಗ್ಗಿತೆಂದು ಮಾಲೀಕರು ದೂರಿದರು. ಕೊನೆಗೆ ಕಂಪನಿ, ಐದು ವರ್ಷದೊಳಗೆ ಬ್ಯಾಟರಿಯ ಸಾಮರ್ಥ್ಯ ಗೊತ್ತಾದ ಮಟ್ಟಕ್ಕಿಂತ ಇಳಿದರೆ ಸರಿಪಡಿಸಿಕೊಡುವ ಭರವಸೆಯನ್ನು ನೀಡಬೇಕಾಯಿತು. ಕಲಬುರಗಿ, ರಾಯಚೂರುಗಳ ಬೇಸಿಗೆಯನ್ನು ಬಲ್ಲವರು ಈ ಪ್ರಸಂಗವನ್ನು ಲಘುವಾಗಿ ಕಾಣಲಾರರು. ಈಚಿನ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿಯುತ್ತದೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಬ್ಯಾಟರಿಗೆ ಭರವಸೆ ಕೊಡುವುದು ವಾಡಿಕೆಯಾಗಿದೆ.

ಹಳೆಯ ವಿದ್ಯುತ್ ಕಾರಿನ ಬೆಲೆ ಬೇಗ ಇಳಿಯುವುದಕ್ಕೆ ಇನ್ನೊಂದು ಕಾರಣವುಂಟು. ಅದು ಒಂದು ರೀತಿಯಲ್ಲಿ ಸಂತೋಷದ ಕಾರಣ. 2010ರಲ್ಲಿ ಒಂದು ಯೂನಿಟ್ಟು ಹಿಡಿಯುವ ಬ್ಯಾಟರಿಯ ಬೆಲೆ ಸಾವಿರ ಡಾಲರಿಗೂ ಮೀರಿತ್ತು. 2024ರ ವೇಳೆಗೆ ಅದು ಸುಮಾರು 115 ಡಾಲರಿಗೆ ಇಳಿದಿತ್ತು. ಹೊಸ ಕಾರು ಅಗ್ಗವೂ ಉತ್ತಮವೂ ಆಗುತ್ತಿರಲು ಐದು ವರ್ಷದ ಹಳೆಯ ಕಾರನ್ನು ಯಾರು ತಾನೆ ಹೆಚ್ಚು ಹಣಕ್ಕೆ ಕೊಂಡಾರು? ಮೊದಲ ಮಾಲೀಕನಿಗೆ ಇದು ನಷ್ಟ; ಅವನಿಂದ ಕೊಳ್ಳುವ ಎರಡನೆಯವನಿಗೆ ಲಾಭ. ಹೊಸದನ್ನು ಕೊಳ್ಳಲಾಗದ ಮಧ್ಯಮ ವರ್ಗದವನಿಗೆ ಮೋಸವಿಲ್ಲದ ಹಳೆಯ ಕಾರು ಸಿಗುವಂತಾದರೆ ವಿದ್ಯುತ್ ಕಾರು ನಿಜವಾಗಿ ಜನರದಾಗುತ್ತದೆ. ಅದಕ್ಕಾಗಿ ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆಯೆಂಬುದನ್ನು ಪರೀಕ್ಷಿಸಿ ಬರೆದುಕೊಟ್ಟ ಪತ್ರವನ್ನು ಕೇಳುವುದು ಕೊಳ್ಳುವವನ ಹಕ್ಕೆನ್ನಬೇಕು.

ಬ್ಯಾಟರಿಯನ್ನು ಮಾರದೆ ಬಾಡಿಗೆಗೆ ಕೊಡುವ ಪದ್ಧತಿಯನ್ನೂ ಕೆಲವರು ಹೂಡಿದ್ದಾರೆ. ಫ್ರಾನ್ಸಿನ ರೆನೋ ಕಂಪನಿ ತನ್ನ 'ಜೋಯಿ' ಕಾರಿನಲ್ಲಿ ಇದನ್ನು ಅನುಸರಿಸಿತು. ಭಾರತದಲ್ಲಿ 2024ರಲ್ಲಿ ಎಂಜಿ ಕಂಪನಿಯ 'ವಿಂಡ್ಸರ್' ಕಾರು ಮಾರುಕಟ್ಟೆಗೆ ಬಂದಾಗ ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿಯಂತೆ ಬಾಡಿಗೆ ನಿಗದಿಯಾಗಿತ್ತು. ಕೊಳ್ಳುವಾಗ ಹೊರೆ ಕಡಮೆ. ಆದರೆ ಮಾರುವಾಗ ಬ್ಯಾಟರಿಯ ಕರಾರನ್ನೂ ಹೊಸಬನ ತಲೆಗೆ ಕಟ್ಟಬೇಕು. ಯೂರೋಪಿನಲ್ಲಿ ಹಳೆಯ ಜೋಯಿಗಳನ್ನು ಮಾರಹೊರಟವರಿಗೆ ಈ ತೊಡಕು ಎದುರಾಯಿತು.

ಕಾರಿನ ಕೆಲಸಕ್ಕೆ ಸಾಲದಾದ ಬ್ಯಾಟರಿಯಾದರೂ ನಿಷ್ಪ್ರಯೋಜಕವಲ್ಲ. ಶೇಕಡ ಎಪ್ಪತ್ತರಷ್ಟು ಸಾಮರ್ಥ್ಯ ಉಳಿದಿದ್ದರೆ ಅದನ್ನು ಕಟ್ಟಡವೊಂದರ ಮೂಲೆಯಲ್ಲಿರಿಸಿ, ಹಗಲಿನ ಬಿಸಿಲಿನಿಂದ ಪಡೆದ ವಿದ್ಯುತ್ತನ್ನು ರಾತ್ರಿಯ ದೀಪಕ್ಕೆ ಕೂಡಿಡಬಹುದು. ಓಡಾಡುವ ತೊಂದರೆಯಿಲ್ಲದ ಅಲ್ಲಿ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ. ಆ ಬಳಿಕ ಅದನ್ನು ಒಡೆದು ಲಿಥಿಯಂ, ನಿಕಲ್, ಕೋಬಾಲ್ಟ್, ತಾಮ್ರಗಳನ್ನು ಹಿಂಪಡೆಯಬೇಕು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಹೀಗೆ ಮರುಬಳಕೆಗೆ ಒದಗಿಸುವ ಹೊಣೆ ತಯಾರಕರದೇ ಎಂದು ಭಾರತ ಸರ್ಕಾರವು 2022ರಲ್ಲಿ ನಿಯಮ ಮಾಡಿದೆ.